ಐಸೂ ನೀರೇ ಅಲ್ಲವೆ

ಹೋದ ತಿಂಗಳು ನಮ್ಮ ಮನೆಗೆ ಹೊಸ ಫ್ರಿಜ್ ಬಂತು. ಸಂಭ್ರಮದಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹಳೆಯದು ಕೆಟ್ಟು ಕೂತಿತ್ತು, ಜೆ.ಪಿ. ನಗರದ ಬಿಸಿಲಿಗೆ ದಿನಾ ಹಾಲು ಒಡೆಯುತ್ತಿತ್ತು, ವಿಧಿಯಿಲ್ಲದೆ ತಂದದ್ದು. ಅಂಗಡಿಯವನು ನನ್ನ ಕೂದಲಿನ ಬಣ್ಣ ನೋಡಿದವನೇ, ಈ ವಯಸ್ಸಲ್ಲಿ ಟ್ರೇ ಎಳೆದು ಬಡಿಯೋದೆಲ್ಲ ಯಾಕೆ ಮೇಡಂ ಅಂತ, ಐಸ್ ಮೇಕರ್ ಇರುವುದನ್ನೇ ನನ್ನ ಕೊರಳಿಗೆ ಕಟ್ಟಿದ. ನಲ್ಲಿಯಿಂದ ಸಣ್ಣದೊಂದು ಪೈಪು ಎಳೆದರೆ ಸಾಕಂತೆ. ಅದೇ ನೀರು ತುಂಬಿಕೊಳ್ಳುತ್ತೆ, ಅದೇ ಗಟ್ಟಿ ಮಾಡುತ್ತೆ, ಅದೇ ಡಬ್ಬಕ್ಕೆ ಬೀಳಿಸುತ್ತೆ. ನಾನು ಕೈಕಟ್ಟಿಕೊಂಡು ಕೂತಿದ್ದರಾಯಿತು.

ಫಿಟ್ ಮಾಡುವುದಕ್ಕೆ ಬಂದ ಮನುಷ್ಯ ಬಲು ಶಿಸ್ತಿನವನು. ಗೋಡೆಯಿಂದ ನಾಲ್ಕು ಬೆರಳು ಜಾಗ ಬಿಟ್ಟ, ಮಟ್ಟ ನೋಡಿದ, ಪೈಪು ಜೋಡಿಸಿ ಸೋರುತ್ತದೋ ಅಂತ ಕಾಗದ ಹಿಡಿದು ನೋಡಿದ. ಹೋಗುವಾಗ ಮಾತ್ರ ಒಂದು ಮಾತು ಹೇಳಿದ. ಮೊದಲ ಮೂರು ಸಲ ಬರೋ ಐಸನ್ನು ಉಪಯೋಗಿಸಬೇಡಿ, ಹೊಸ ಪೈಪಿನ ವಾಸನೆ ಇರುತ್ತೆ, ಸಿಂಕಿಗೆ ಚೆಲ್ಲಿಬಿಡಿ ಅಂತ. ಅವನು ಹೋದ ಎರಡು ಗಂಟೆಗೆ ಒಳಗೆ ಧಡಕ್ ಅಂತ ಸದ್ದಾಯಿತು. ಡಬ್ಬ ಎಳೆದು ಸಿಂಕಿನ ಮುಂದೆ ನಿಂತೆ. ಚೆಲ್ಲೋಕೆ ಕೈಯೇ ಬರಲಿಲ್ಲ.

ಜಿಪುಣತನ ಅಂತ ನಮ್ಮ ಯಜಮಾನರು ನಕ್ಕರು. ಜಿಪುಣತನ ಅಲ್ಲ ಸ್ವಾಮಿ, ಸಿಟ್ಟು. ನಲವತ್ತು ವರ್ಷದ ಹಳೇ ಸಿಟ್ಟು. ಅದನ್ನೂ ಫ್ರಿಜ್ಜಿನಲ್ಲಿ ಇಟ್ಟವಳ ಹಾಗೆ ಕೆಡದಂತೆ ಕಾಪಾಡಿಕೊಂಡು ಬಂದಿದ್ದೇನೆ. ಯಾರ ಮೇಲಿನ ಸಿಟ್ಟು ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ, ಸ್ವಲ್ಪ ಸುತ್ತಿ ಬಳಸಿ ಬರಬೇಕು.

ನಮ್ಮ ಮನೆಗೆ ಮೊಟ್ಟಮೊದಲ ಫ್ರಿಜ್ ಬಂದಾಗ ನಾವು ಜಯನಗರದಲ್ಲಿ, ಯಡಿಯೂರು ಕೆರೆಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿದ್ದೆವು. ಎಂಬತ್ತೊಂದೋ ಎರಡೋ ಇಸವಿ. ಅಪ್ಪ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನನಗೆ ಹನ್ನೆರಡು ವರ್ಷ. ಇಡೀ ಅಡ್ಡರಸ್ತೆಗೆ ಅದೇ ಮೊದಲ ಫ್ರಿಜ್. ಟೆಂಪೋದಿಂದ ನಾಲ್ಕು ಜನ ಅದನ್ನು ಇಳಿಸುವಾಗ ಎಲ್ಲ ಮನೆಯ ಗೇಟುಗಳೂ ತೆರೆದುಕೊಂಡವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ ಅಂತ ನಮ್ಮ ಸೋದರತ್ತೆ ಅಂದದ್ದು ನನಗೆ ಈಗಲೂ ನೆನಪಿದೆ. ಅಂದವರು ಆ ಬೇಸಿಗೆ ಪೂರಾ ನಮ್ಮ ಮನೆಯಲ್ಲೇ ಇದ್ದು ತಣ್ಣೀರು ಕುಡಿದರು, ಅದು ಬೇರೆ ಮಾತು.

ಫ್ರಿಜ್ಜನ್ನು ಹಾಲಿನಲ್ಲಿಟ್ಟೆವು. ಅಡುಗೆಮನೆ ಇಕ್ಕಟ್ಟು ಅಂತ ಅಮ್ಮ ಹೇಳುತ್ತಿದ್ದಳು, ಆದರೆ ಬಂದವರಿಗೆ ಕಾಣಲಿ ಅನ್ನುವುದೇ ನಿಜವಾದ ಕಾರಣ. ಮೇಲೆ ಅವಳೇ ಹೆಣೆದ ಕ್ರೋಷಾದ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಪಕ್ಕದಲ್ಲಿ ಗುಂಯ್‌ಗುಡುವ ಸ್ಟೆಬಿಲೈಸರ್. ಆಗಿನ ಫ್ರಿಜ್ಜಿಗೆ ಬೀಗ ಇರುತ್ತಿತ್ತು, ಬೀಗದಕೈ ಅಮ್ಮನ ಸೆರಗಿನ ತುದಿಯಲ್ಲಿ. ಒಳಗೆ ಏನಿತ್ತು ಅಂತೀರಾ? ಸ್ಕ್ವಾಷ್ ಬಾಟಲಿಯಲ್ಲಿ ನೀರು, ಅರ್ಧ ನಿಂಬೆಹಣ್ಣು, ಒಂದು ಕಂತೆ ಕರಿಬೇವು. ಅಷ್ಟಕ್ಕೆ ಬೀಗ. ಮೊದಲ ದಿನವೇ ನಾನು ಅಲ್ಯುಮಿನಿಯಂ ಟ್ರೇಯನ್ನು ಕದ್ದು ತೆಗೆದು, ಐಸಿನ ರುಚಿ ನೋಡಲು ನಾಲಿಗೆ ಇಟ್ಟು, ನಾಲಿಗೆ ಅಂಟಿಕೊಂಡು, ಟ್ರೇ ಸಮೇತ ಬೀದಿಗೆ ಓಡಿದೆ. ಯಾಕೆ ಬೀದಿಗೆ ಓಡಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯ ಫ್ರಿಜ್ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಊರಿಗೆ ಸಾರಿದ್ದು ಹೀಗೆ.

ಆ ಬೀದಿಯ ವಿಷಯ ಹೇಳಬೇಕು. ನಮ್ಮ ಹಾಲಿನಲ್ಲಿ ದೇವರ ಪಟಗಳಿರಲಿಲ್ಲ, ಬುದ್ಧನ ಒಂದು ಪಟ ಇತ್ತು. ಅಪ್ಪ ಮದುವೆಗೆ ಮುಂಚೆಯೇ ಬೌದ್ಧರಾಗಿದ್ದರು. ನಾವು ಆ ಬೀದಿಗೆ ಬಂದ ಮೊದಲ ವಾರವೇ ಎದುರು ಮನೆಯ ಕಮಲಮ್ಮ ಗೇಟಿನ ಹತ್ತಿರ ನಿಂತು, ನಿಮ್ಮದು ಯಾವ ಮನೆದೇವರು ಅಂತ ಅಮ್ಮನನ್ನು ಕೇಳಿದರು. ಅಮ್ಮ ಮುಚ್ಚುಮರೆ ಮಾಡುವವಳಲ್ಲ. ನಾವು ಇಂಥ ಊರಿನ, ಊರಾಚೆಯ ಕೇರಿಯವರು, ಈಗ ಬುದ್ಧನ ಕಡೆಯವರು ಅಂತ ನೇರವಾಗಿ ಹೇಳಿದಳು. ಕಮಲಮ್ಮ ಮುಖ ಸಿಂಡರಿಸಲಿಲ್ಲ. ಪಾಪ ಅಂದರಂತೆ. ಅವತ್ತಿನಿಂದ ನಮ್ಮ ಮನೆಯ ನೀರು ಆ ಬೀದಿಯಲ್ಲಿ ಯಾರ ಗಂಟಲಲ್ಲೂ ಇಳಿಯಲಿಲ್ಲ.

ಜಗಳ ಆಡಿದರು, ಬೈದರು ಅಂದುಕೊಳ್ಳಬೇಡಿ. ಹಾಗೆ ಮಾಡಿದ್ದರೆ ನನ್ನ ಸಿಟ್ಟಿಗೆ ಒಂದು ಲಕ್ಷಣವಾದರೂ ಇರುತ್ತಿತ್ತು. ಅಮ್ಮನಿಗೆ ಸ್ವೆಟರ್ ಹೆಣೆಯುವುದನ್ನು ಕಲಿಸಿದವರೇ ಕಮಲಮ್ಮ. ಅವರ ಮಗಳು ಲತಾ ನನ್ನ ಕ್ಲಾಸಿನವಳು, ಇಬ್ಬರೂ ಒಟ್ಟಿಗೆ ಸ್ಕೂಲಿಗೆ ಹೋಗುತ್ತಿದ್ದೆವು. ಹಬ್ಬಕ್ಕೆ ಅವರ ಮನೆಯಿಂದ ಒಬ್ಬಟ್ಟು ಬರುತ್ತಿತ್ತು. ಬಂದ ತಟ್ಟೆಯನ್ನು ಬರಿದಾಗಿ ವಾಪಸ್ ಕೊಡಬಾರದಲ್ಲ, ಅಮ್ಮ ಅದರಲ್ಲಿ ಬಾಳೆಹಣ್ಣು ಇಟ್ಟು ಕಳಿಸುತ್ತಿದ್ದಳು. ಸಿಪ್ಪೆ ಇರುವ ಹಣ್ಣು, ಹೂವು, ಕರಿಬೇವು, ಹಸೀ ತರಕಾರಿ, ಇಷ್ಟಕ್ಕೆ ಅಡ್ಡಿಯಿರಲಿಲ್ಲ. ನೀರು ಸೋಕಿದ್ದು, ಬೆಂದದ್ದು ಬೇಡ. ಬೀದಿಯಲ್ಲಿ ನಾಲ್ಕಾರು ಜಾತಿಯವರಿದ್ದರು, ಕಸದ ತೊಟ್ಟಿ ಎಲ್ಲಿಡಬೇಕು ಅನ್ನುವುದರಲ್ಲೂ ಒಮ್ಮತ ಇರಲಿಲ್ಲ. ನಮ್ಮ ನೀರಿನ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ.

ಅಪ್ಪನಿಗೆ ಇದು ಸಾಕಾಗಿತ್ತು. ಕಾರ್ಖಾನೆಯ ನಮ್ಮ ಕಡೆಯ ನಾಲ್ಕೈದು ಜನ ಸೇರಿ ಚಿಕ್ಕಲಸಂದ್ರದಲ್ಲಿ ಜಾಗ ನೋಡಿದ್ದರು. ಆಗ ಅಲ್ಲಿ ಹುರುಳಿ ಹೊಲ, ಮುಳ್ಳುಬೇಲಿ, ಒಂದು ಬಾವಿ. ಒಂದು ಸೈಟು ಅಪ್ಪನಿಗೆ ಅಂತ ಎತ್ತಿಟ್ಟಿದ್ದರು, ಬೇಸಿಗೆ ಮುಗಿಯುವುದರೊಳಗೆ ಹೂಂ ಅನ್ನಬೇಕಿತ್ತು. ಅಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಒಂದು ಕೇರಿಯಿಂದ ಬಂದದ್ದು ಇನ್ನೊಂದು ಕೇರಿ ಕಟ್ಟೋದಕ್ಕಾ ಅನ್ನುವಳು. ಈ ಬೀದಿಯಲ್ಲಿದ್ದೇ ಇವರ ಕೈಲಿ ಒಂದು ಲೋಟ ನೀರು ಕುಡಿಸುತ್ತೇನೆ ಅನ್ನುವುದು ಅವಳ ಹಟ. ಹಾಗೆ ನೋಡಿದರೆ ಎಷ್ಟು ಸಣ್ಣ ಆಸೆ. ಅದಕ್ಕೋಸ್ಕರ ಅವಳು ಏಳು ವರ್ಷ ಕಾದಿದ್ದಳು.

ಅಷ್ಟರಲ್ಲಿ ಫ್ರಿಜ್ ಬಂತು. ಫ್ರಿಜ್ ಬಂದ ಹದಿನೈದು ದಿನಕ್ಕೆ ಲತಾಗೆ ಜ್ವರ ನೆತ್ತಿಗೇರಿತು. ತಲೆ ಮೇಲೆ ಐಸಿಡಿ ಅಂದರಂತೆ ಡಾಕ್ಟರು. ಯಾವತ್ತೂ ಗೇಟು ದಾಟದ ಕಮಲಮ್ಮ ಸ್ಟೀಲ್ ಡಬ್ಬಿ ಹಿಡಿದು ನಮ್ಮ ಹಾಲಿಗೇ ಬಂದುಬಿಟ್ಟರು. ಅಮ್ಮ ಎರಡು ಟ್ರೇಯನ್ನೂ ಅವರ ಡಬ್ಬಿಗೆ ಬಡಿದು ಕೊಟ್ಟಳು. ಆಮೇಲೆ ಅವರ ಯಜಮಾನರ ಕಾಲು ಉಳುಕಿತು, ಮೂಲೆಮನೆಯ ಮಗುವಿಗೆ ಜೇನು ಕಚ್ಚಿತು, ಬೀದಿಯ ಎಲ್ಲ ಊತಕ್ಕೂ ನಮ್ಮ ಮನೆಯೇ ಆಸ್ಪತ್ರೆಯಾಯಿತು. ಅಮ್ಮ ಒಂದು ಹೊಸ ತರ್ಕ ಹೊಸೆದಳು. "ಐಸೂ ನೀರೇ ಅಲ್ವಾ? ಐಸು ತಗೊಂಡ್ರು ಅಂದ್ರೆ ನೀರು ತಗೊಂಡ ಹಂಗೇ." ತಲೆ ಮೇಲೆ ಇಟ್ಟುಕೊಳ್ಳುವುದೇ ಬೇರೆ, ಬಾಯಿಗೆ ಇಟ್ಟುಕೊಳ್ಳುವುದೇ ಬೇರೆ ಅಂತ ಅಪ್ಪ ಪೇಪರಿನ ಹಿಂದಿನಿಂದಲೇ ಹೇಳಿದರು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತ ಅಮ್ಮ ಅವರ ಬಾಯಿ ಮುಚ್ಚಿಸಿದಳು.

ಆ ವರ್ಷ ರಾಮನವಮಿಗೆ ಬಿಸಿಲು ವಿಪರೀತ. ಪ್ರತಿ ವರ್ಷ ಕಮಲಮ್ಮನ ಮನೆಯ ಮುಂದೆ ಚಪ್ಪರ ಹಾಕಿ ಬೀದಿಗೆಲ್ಲ ಪಾನಕ, ಕೋಸಂಬರಿ ಹಂಚುತ್ತಿದ್ದರು. ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಕಮಲಮ್ಮ ಬಂದು, ಈ ಸಲ ಪಾನಕಕ್ಕೆ ನಿಮ್ಮನೆ ಐಸು ಬೇಕು ರತ್ನ ಅಂದರು. ಅಮ್ಮ ಕಣ್ಣು ಪಿಳುಕಿಸದೆ ನಿಂತಿದ್ದನ್ನು ನಾನು ನೋಡಿದೆ. ಅವರು ಹೋದ ಮೇಲೆ ಅವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು, "ಪಾನಕಕ್ಕೆ ಅಂದ್ರು ಕಣೇ, ಕಾಲಿಗಲ್ಲ" ಅಂದಳು.

ಆ ನಾಲ್ಕು ದಿನ ನಮ್ಮ ಮನೆಯಲ್ಲಿ ನಡೆದದ್ದು ಕಾರ್ಖಾನೆಯಲ್ಲೂ ನಡೆಯುವುದಿಲ್ಲ. ಇದ್ದದ್ದು ಎರಡೇ ಟ್ರೇ. ನೀರು ಕಾಯಿಸಿ, ಆರಿಸಿ, ಹೊಸ ಮಲ್ ಬಟ್ಟೆಯಲ್ಲಿ ಸೋಸಿ, ತುಂಬಿಸಿ, ಗಟ್ಟಿಯಾದ ಮೇಲೆ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮತ್ತೆ ಫ್ರೀಜರಿಗೆ ತುರುಕುವುದು. ಎರಡನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಅಮ್ಮ ಫ್ರಿಜ್ಜಿಗೆ ಕಂಬಳಿ ಹೊದಿಸಿ, ಬಾಗಿಲು ತೆಗೆಯದಂತೆ ನನ್ನನ್ನು ಅದರ ಮುಂದೆ ಕಾವಲು ಕೂರಿಸಿದಳು. ಕಂಬಳಿ ಹೊದ್ದ ಫ್ರಿಜ್ಜಿನ ಮುಂದೆ ಕೂತು ನಾನು ಪರೀಕ್ಷೆಗೆ ಓದಿದೆ. ಇದೆಲ್ಲ ನಗುವ ಮಾತು. ನಗು ಬರದ ಮಾತು ಇನ್ನೊಂದಿದೆ. ಮಡಿ ಅನ್ನುವ ಪದ ಕಿವಿಗೆ ಬಿದ್ದರೆ ಮುಖ ಗಂಟಿಕ್ಕುತ್ತಿದ್ದ ನಮ್ಮಮ್ಮ, ಆ ನಾಲ್ಕು ದಿನವೂ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಆಮೇಲೆ ಟ್ರೇ ಮುಟ್ಟುತ್ತಿದ್ದಳು. ಯಾರೂ ಹೇಳಿರಲಿಲ್ಲ. ಅಪ್ಪ ಮೊದಲ ದಿನವೇ ಅದನ್ನು ನೋಡಿದರು. ಕಾಫಿಯನ್ನೂ ಕುಡಿಯದೆ ಶಿಫ್ಟಿಗೆ ಹೊರಟುಹೋದರು.

ರಾಮನವಮಿಯ ಬೆಳಿಗ್ಗೆ ಬಕೆಟ್ ತುಂಬ ಐಸು ಹೊತ್ತುಕೊಂಡು ಹೋದವಳು ನಾನು. ಅಮ್ಮ ಒಳ್ಳೆ ಸೀರೆ ಉಟ್ಟು ನಮ್ಮ ಗೇಟಿನಲ್ಲಿ ನಿಂತಿದ್ದಳು. ಚಪ್ಪರದೊಳಗೆ ಜನ, ಅಲ್ಲಿ ಏನಾಗುತ್ತಿದೆ ಅಂತ ಅವಳಿಗೆ ಕಾಣುವಂತಿರಲಿಲ್ಲ. ತಾಮ್ರದ ಹಂಡೆಯಲ್ಲಿ ಬೆಲ್ಲದ ಪಾನಕ ಘಮಘಮ ಅನ್ನುತ್ತಿತ್ತು. ನಾನು ಬಕೆಟ್ ಎತ್ತಿ ಹಂಡೆಗೆ ಸುರಿಯೋಕೆ ಹೋದೆ. ಕಮಲಮ್ಮನ ಯಜಮಾನರು ಕೈ ಅಡ್ಡ ಹಿಡಿದು, "ಅಲ್ಲಲ್ಲ ಮಗು, ಇಲ್ಲಿ" ಅಂದರು. ಆಗ ನೋಡಿದೆ. ಹಂಡೆಯನ್ನು ದೊಡ್ಡದೊಂದು ತಗಡಿನ ಟಬ್ಬಿನಲ್ಲಿ ಕೂರಿಸಿದ್ದರು. ಐಸು ಬೀಳಬೇಕಾದದ್ದು ಟಬ್ಬಿಗೆ, ಹಂಡೆಯ ಸುತ್ತ.

ಪಾನಕ ತಣ್ಣಗಾಗುತ್ತೆ, ನಮ್ಮ ನೀರು ಬೆರೆಯೋದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ. ಲತಾ ನನ್ನ ಪಕ್ಕ ಬಂದು, ಒಳಗೆ ಹಾಕಿದರೆ ನೀರಾಗಿ ಪಾನಕ ಸಪ್ಪೆಯಾಗುತ್ತೆ, ಅದಕ್ಕೇ ಅಂದಳು. ಅವಳು ಹೇಳಿದ್ದು ನಿಜವೇ ಇರಬಹುದು ಅಂತ ನಾನು ಒಂದು ನಿಮಿಷ ನಂಬಿದೆ. ನಂಬಬೇಕು ಅಂತ ತುಂಬ ಆಸೆಯಿತ್ತು. ಆದರೆ ನಾನು ಸುರಿಯುವಾಗ ಒಂದು ಹನಿಯೂ ಸಿಡಿಯಬಾರದು ಅಂತ ಹಂಡೆಯ ಬಾಯಿಗೆ ಬಾಳೆಎಲೆ ಮುಚ್ಚಿದರು. ಸುರಿದು ಮುಗಿದ ಮೇಲೆ ಹಂಡೆಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ತಣಿಯಲಿ ಅಂತ ಅರ್ಧ ಗಂಟೆ ಬಿಟ್ಟು ಎಲೆ ತೆಗೆದು, ಮೊದಲ ಲೋಟ ಪಾನಕ ನನಗೇ ಕೊಟ್ಟರು. ಪಾಪದ ಹುಡುಗಿ, ಭಾರ ಹೊತ್ತು ಬಂದಿದ್ದಾಳೆ ಅಂತ. ನಾನು ಗಟಗಟ ಕುಡಿದೆ. ತಣ್ಣಗೆ, ಬಹಳ ಚೆನ್ನಾಗಿತ್ತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತೆ.

ಖಾಲಿ ಬಕೆಟ್ ಹಿಡಿದು ವಾಪಸ್ ಬಂದಾಗ ಅಮ್ಮ ಗೇಟಿನಲ್ಲೇ ಇದ್ದಳು. ಹಾಕಿದ್ರಾ ಅಂತ ಕೇಳಿದಳು. ಹೂಂ ಅಂದೆ. "ಒಳಗೇನಾ?"

"ಒಳಗೇ."

ಯಾಕೆ ಹಾಗಂದೆ? ಅವಳ ಮುಖ ನೋಡಿ ಹೇಳೋಕಾಗಲಿಲ್ಲ ಅಂತ ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಅವಮಾನ ಆದದ್ದು ನನಗೆ, ಅದನ್ನು ಬಾಯಿಬಿಟ್ಟು ಹೇಳಿದರೆ ಅದು ಆಗಿದೆ ಅಂತ ಖಾಯಂ ಆಗಿಬಿಡುತ್ತೆ. ಹೇಳದಿದ್ದರೆ ಆಗಿಲ್ಲ. ಹನ್ನೆರಡು ವರ್ಷದ ಬುದ್ಧಿ.

ಅಮ್ಮ ಸೆರಗು ಸರಿಮಾಡಿಕೊಂಡು ತಾನೂ ಚಪ್ಪರಕ್ಕೆ ಹೋದಳು. ಅಷ್ಟು ಹೊತ್ತಿಗೆ ಟಬ್ಬಿನ ಐಸು ಕರಗಿ ನೀರಾಗಿತ್ತು, ಅದರ ಸುತ್ತ ಮಕ್ಕಳು ಮುತ್ತಿದ್ದರು, ಅವಳ ಕಣ್ಣಿಗೆ ಏನೂ ಬೀಳಲಿಲ್ಲ. ಬೀದಿಯವರೆಲ್ಲ ಎರಡೆರಡು ಲೋಟ ಕುಡಿಯುವುದನ್ನು ನೋಡಿಕೊಂಡು ಬಂದಳು. ಅಪ್ಪ ಶಿಫ್ಟ್ ಮುಗಿಸಿ ಬಂದಾಗ ಚಪ್ಪಲಿ ಬಿಡುವುದಕ್ಕೂ ಅವಕಾಶ ಕೊಡದೆ, ಕುಡಿದ್ರು ಕಣ್ರೀ, ಎಲ್ಲರೂ ಕುಡಿದ್ರು ಅಂದಳು. ಅಪ್ಪ ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಎದ್ದು ಹಿತ್ತಲಿಗೆ ಹೋದೆ. ಅಪ್ಪನಿಗೆ ಅವತ್ತೇ ಗೊತ್ತಾಗಿತ್ತೋ ಏನೋ. ಗೊತ್ತಾಗಿದ್ದರೂ ಅವರು ಹೇಳುತ್ತಿರಲಿಲ್ಲ. ಏಳು ವರ್ಷದಲ್ಲಿ ಅವಳು ಅಷ್ಟು ಖುಷಿಯಾಗಿದ್ದನ್ನು ಅವರೂ ನೋಡಿರಲಿಲ್ಲ.

ಅದಾದ ಎರಡನೇ ಭಾನುವಾರ ಚಿಕ್ಕಲಸಂದ್ರದ ಸೈಟಿನವರು ಉತ್ತರ ಕೇಳಲು ಮನೆಗೆ ಬಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಕಾಫಿ ತಂದಿಟ್ಟು, "ಇಲ್ಲಣ್ಣ, ನಾವು ಬರಲ್ಲ. ನಮ್ಮನೆ ನೀರು ಕುಡಿದ ಬೀದಿ ಬಿಟ್ಟು ಎಲ್ಲಿಗೆ ಹೋಗೋದು" ಅಂದಳು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಸೈಟು ಅವತ್ತೇ ಇನ್ನೊಬ್ಬರ ಪಾಲಾಯಿತು.

ಬುದ್ಧ ಪೂರ್ಣಿಮೆ ಬಂತು. ಪ್ರತಿ ವರ್ಷ ನಾವು ನಾವೇ ಮೇಣದಬತ್ತಿ ಹಚ್ಚಿ, ಪಾಯಸ ಮಾಡಿ ತಿಂದು ಮುಗಿಸುತ್ತಿದ್ದೆವು. ಆ ವರ್ಷ ಅಮ್ಮ ಬೀದಿಯ ಆರು ಜನ ಹೆಂಗಸರನ್ನು ಸಾಯಂಕಾಲ ಅರಿಶಿನ ಕುಂಕುಮಕ್ಕೆ ಕರೆದಳು. ಬುದ್ಧ ಪೂರ್ಣಿಮೆಗೆ ಅರಿಶಿನ ಕುಂಕುಮ ಯಾವ ಪುಸ್ತಕದಲ್ಲಿದೆ ಅಂತ ಅಪ್ಪ ಕೇಳಿದರು. ನಮ್ಮನೆ ಪುಸ್ತಕದಲ್ಲಿದೆ ಅಂದಳು. ಹೊಸ ಗಾಜಿನ ಲೋಟ ತರಿಸಿದಳು. ನಿಂಬೆಹಣ್ಣಿನ ಶರಬತ್ತು ಮಾಡಿ, ಏಲಕ್ಕಿ ಹಾಕಿ, ಪ್ರತಿ ಲೋಟಕ್ಕೂ ಎರಡೆರಡು ಐಸು ಬಿಟ್ಟಳು.

ಆರು ಜನವೂ ಬಂದರು. ಅದನ್ನೂ ಹೇಳಬೇಕು. ಕುರ್ಚಿಯಲ್ಲಿ ಕೂತರು, ಬುದ್ಧನ ಪಟ ಚೆನ್ನಾಗಿದೆ ಅಂದರು, ಕುಂಕುಮ ಇಟ್ಟುಕೊಂಡರು, ಹೂವು ಮುಡಿದರು. ನಾನು ತಟ್ಟೆಯಲ್ಲಿ ಶರಬತ್ತು ತಂದು ಟೀಪಾಯಿಯ ಮೇಲಿಟ್ಟೆ. ಯಾರ ಕೈಯೂ ಮುಂದೆ ಬರಲಿಲ್ಲ. ಒಬ್ಬರಿಗೆ ಗಂಟಲು ನೋವು, ಒಬ್ಬರು ಈಗತಾನೇ ಕಾಫಿ ಕುಡಿದು ಬಂದಿದ್ದರು, ಒಬ್ಬರದು ಉಪವಾಸ. ಲೋಟಗಳ ಹೊರಮೈ ಬೆವರಿ ತಟ್ಟೆಯಲ್ಲಿ ನೀರು ನಿಂತಿತು. ಅಮ್ಮ ಇನ್ನೂ ನಗುತ್ತಲೇ ಇದ್ದಳು. ಅವಳ ಪಾಲಿಗೆ ಇದು ಸಂಕೋಚ, ಅಷ್ಟೇ. ಒಂದು ಸಲ ದಾಟಿದ ಹೊಳೆಯನ್ನು ಇನ್ನೊಂದು ಸಲ ದಾಟೋಕೆ ಏನು ಕಷ್ಟ?

"ರಾಮನವಮಿ ದಿನ ನಮ್ಮನೆ ಐಸಿನ ಪಾನಕ ಎರಡೆರಡು ಲೋಟ ಕುಡಿದ್ರಿ," ಅಂತ ಅವಳು ತಮಾಷೆ ಮಾಡಿದಳು. "ಇವತ್ತು ಯಾಕ್ರೀ ಇಷ್ಟು ನಾಚಿಕೆ?"

ಒಬ್ಬರು ಸೆರಗಿನ ಅಂಚು ನೋಡಿಕೊಂಡರು. ಕಮಲಮ್ಮ ಒಳ್ಳೆಯವರು, ಸುಳ್ಳು ಅವರ ಬಾಯಿಗೆ ಬರುವುದಿಲ್ಲ. ಅವರು ಅಮ್ಮನ ಮುಖ ನೋಡಿ, ಮೆಲ್ಲಗೆ, ನಿಜವಾಗಿಯೂ ನೊಂದುಕೊಂಡೇ ಹೇಳಿದರು. "ಅದು ಹಂಡೆ ಹೊರಗೆ ಹಾಕಿದ್ದು ರತ್ನ. ಟಬ್ಬಿಗೆ. ನಿನ್ನ ಮಗಳೇ ಸುರಿದಳಲ್ಲ, ಹೇಳ್ಲಿಲ್ವಾ?"

ಅಮ್ಮ ಅವರ ಕಡೆ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು. ನಾನು ಖಾಲಿ ಗೋಡೆ ನೋಡಿದೆ. ಆಮೇಲೆ ಅವಳು ಏನೂ ಆಗದವಳ ಹಾಗೆ, ಒಬ್ಬೊಬ್ಬರಿಗೂ ಎಲೆ ಅಡಿಕೆ, ಸಿಪ್ಪೆ ಇರುವ ಎರಡೆರಡು ಬಾಳೆಹಣ್ಣು ಕೊಟ್ಟಳು. ಅದನ್ನು ಎಲ್ಲರೂ ತೆಗೆದುಕೊಂಡರು. ಗೇಟಿನವರೆಗೂ ಹೋಗಿ ಕಳಿಸಿ ಬಂದಳು.

ಅಪ್ಪ ಬಂದ ಕೂಡಲೇ, ಚಿಕ್ಕಲಸಂದ್ರದವರಿಗೆ ಹೇಳಿಬಿಡಿ, ಹೋಗೋಣ ಅಂದಳು. ಅಪ್ಪ ಅವರನ್ನು ವಿಚಾರಿಸಿಕೊಂಡು ಬಂದರು. ಅಲ್ಲಿ ಇನ್ನು ಜಾಗ ಇರಲಿಲ್ಲ. ಆ ಬೀದಿಯಲ್ಲಿ ನಾವು ಇನ್ನೂ ಒಂಬತ್ತು ವರ್ಷ ಇದ್ದೆವು. ಅಷ್ಟರಲ್ಲಿ ಎಲ್ಲರ ಮನೆಗೂ ಫ್ರಿಜ್ ಬಂತು, ಐಸು ಕೇಳುವುದಕ್ಕೂ ಯಾರೂ ಬರಲಿಲ್ಲ. ಲತಾಳ ಮದುವೆಗೆ ನಮ್ಮನ್ನು ಕರೆದರು, ಅಮ್ಮ ಹೋಗಿ ಉಂಡು ಬಂದಳು. ಫ್ರಿಜ್ಜಿನ ಟ್ರೇಗೆ ಮಾತ್ರ ಅವಳು ಮತ್ತೆ ನೀರು ತುಂಬಲಿಲ್ಲ.

ಬೀದಿಯವರನ್ನೆಲ್ಲ ಬೈದು ಇಲ್ಲಿಗೇ ಮುಗಿಸಿಬಿಡಬಹುದು. ಬೈಯಬೇಕಾದದ್ದೇ, ಬೈದಿದ್ದೇನೆ, ಇನ್ನೂ ಬೈಯುತ್ತೇನೆ. ಆದರೆ ಪ್ರತಿ ಸಲ ಬೈಯೋಕೆ ಕೂತಾಗಲೂ ಆ ಸಾಯಂಕಾಲದ ಬಚ್ಚಲುಮನೆ ಅಡ್ಡ ಬರುತ್ತೆ. ಆರು ಲೋಟ ಶರಬತ್ತನ್ನೂ ಮೋರಿಗೆ ಸುರಿದು ಅಮ್ಮ ಲೋಟ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಹೊಡೆಯಲಿ ಅಂತ ಕಾಯುತ್ತಿದ್ದೆ. ಅವಳು ಹೊಡೆಯಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಕೊನೆಗೆ ನಾನೇ, ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲಮ್ಮ ಅಂದೆ.

ಅಮ್ಮ ತಲೆ ಎತ್ತಲಿಲ್ಲ. "ಅವತ್ತೇ ಹೇಳಿದ್ದಿದ್ರೆ ಒಳಗೆ ಬಂದು ಒಬ್ಬಳೇ ಅತ್ಕೊಂಡು ಸುಮ್ಮನಾಗ್ತಿದ್ದೆ," ಅಂದಳು. "ಇವತ್ತು ಅವರ ಮುಂದೆ ಅಳೋಕೂ ಆಗಲಿಲ್ಲ ನಂಗೆ."